ಇಲ್ಲಿ ನಿಂತು ನೋಡಿ

ಮಹಾಕಾವ್ಯದಲ್ಲಿ ಏನೇನು ಇರಬೇಕು ಎಂದು ದಂಡಿ ಹೇಳಿದ್ದನ್ನು ನಮ್ಮ ಹಳಗನ್ನಡದ ಪರಂಪರೆ ‘ಅಷ್ಟಾದಶ ವರ್ಣನೆ’ ಎಂದು ಎಣಿಸಿ ಇಟ್ಟುಕೊಂಡಿದೆ. ಆ ಹದಿನೆಂಟರಲ್ಲಿ ಸಮುದ್ರವಿದೆ, ಪರ್ವತವಿದೆ, ಸೂರ್ಯೋದಯ ಚಂದ್ರೋದಯಗಳಿವೆ. ಉದ್ಯಾನವಿಹಾರ, ಜಲಕ್ರೀಡೆ, ಮಧುಪಾನ, ಪ್ರಯಾಣ ಎಲ್ಲವೂ ಇವೆ. ಕಳೆದ ಡಿಸೆಂಬರಿನಲ್ಲಿ ಕುಮಟಾದಿಂದ ಗೋಕರ್ಣದವರೆಗೆ ಕಡಲಂಚಿನಲ್ಲೇ ನಡೆಸಿಕೊಂಡು ಹೋಗುವ ಒಂದು ದಿನದ ಪ್ರವಾಸಕ್ಕೆ ಹೆಸರು ಕೊಟ್ಟೆ. ಹಿಂದಿನ ರಾತ್ರಿ ವಾಟ್ಸಾಪಿಗೆ ಬಂದ ಕಾರ್ಯಕ್ರಮದ ಪಟ್ಟಿ ಓದುತ್ತ ಓದುತ್ತ ನಗು ಬಂತು. ಬೆಳಗಿನ ಸೂರ್ಯೋದಯ, ಗುಡ್ಡದ ಮೇಲಿನ ವ್ಯೂ ಪಾಯಿಂಟ್, ನಡಿಗೆ, ನೀರಾಟ, ಸೂರ್ಯಾಸ್ತ, ಆಮೇಲೆ ‘ಕೆಫೆಯಲ್ಲಿ ಮುಕ್ತ ಸಮಯ’. ಮಧುಪಾನಕ್ಕೆ ಇದಕ್ಕಿಂತ ಸಭ್ಯವಾದ ಹೆಸರು ಇನ್ನೇನಿದೆ? ಪಶ್ಚಿಮದ ಕಡಲಿನಲ್ಲಿ ಸೂರ್ಯ ಹುಟ್ಟುವುದಿಲ್ಲ, ನಮ್ಮ ಬೆನ್ನ ಹಿಂದೆ ಘಟ್ಟದ ಕಡೆಯಿಂದ ಬರುತ್ತಾನೆ ಎಂಬುದು ಪಟ್ಟಿ ಮಾಡಿದವರಿಗೂ ಗೊತ್ತಿರುತ್ತದೆ. ಆದರೂ ಪಟ್ಟಿಯಲ್ಲಿ ಸೂರ್ಯೋದಯ ಇರಬೇಕು, ಇದೆ.

ಚಂಪೂ ಕಾವ್ಯಗಳ ಸಮುದ್ರವರ್ಣನೆಯನ್ನು ತರಗತಿಯಲ್ಲಿ ಓದುವಾಗಲೂ ನನಗೆ ಇದೇ ಅನುಮಾನ ಇತ್ತು. ಕಡಲ ಹತ್ತಿರ ಹೋಗದೆಯೇ ಬರೆಯಬಹುದಾದ ಕಡಲು ಒಂದಿದೆ. ಕಡಲ ಹತ್ತಿರ ಹೋಗಿಯೂ ಅದೊಂದನ್ನೇ ನೋಡಿಕೊಂಡು ಬರಬಹುದು ಎಂಬುದನ್ನು ಈ ಪ್ರವಾಸ ತೋರಿಸಿತು.

ನಾನು ಕನ್ನಡದ ಪ್ರವಾಸಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವವಳು. ಊರು ಪೋತ್ನಾಳ. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ನೋಡಿ ಮರೆತುಬಿಡುವಂಥ ಊರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವಿನ ದೋಆಬದಲ್ಲಿ ನಾವು. ನೀರು ಎಂದರೆ ನಮಗೆ ಕಾಲುವೆ. ಅದು ಬಂತಾ, ಬಿಟ್ಟಾರಾ, ನಮ್ಮ ತೂಬಿಗೆ ಮುಟ್ಟೀತಾ ಎಂಬುದೇ ಮಾತು. ಸಮುದ್ರವನ್ನು ನಮ್ಮ ಕಡೆಯವರು ನೋಡಿಲ್ಲ ಎಂದಲ್ಲ. ಮಂಗಳೂರು, ಉಡುಪಿ, ಗೋವಾ ಎಂಬ ಹೆಸರುಗಳು ಮಾನ್ವಿ, ದೇವದುರ್ಗದ ಓಣಿಗಳಲ್ಲಿ ಎಲ್ಲರ ಬಾಯಲ್ಲೂ ಇವೆ. ಅವು ದುಡಿಯಲು ಹೋಗುವ ಊರುಗಳು. ನೋಡಲು ಹೋಗುವ ಊರುಗಳೆಂದು ಅವುಗಳ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಪ್ರವಾಸದ ಗೈಡು ಇಪ್ಪತ್ತೈದರ ಆಸುಪಾಸಿನ ಹುಡುಗ. ಚುರುಕು, ಒಳ್ಳೆಯವನು. ಯಾರ ಕಾಲು ಉಳುಕಿದರೂ ಓಡಿ ಬರುತ್ತಿದ್ದ. ನಾನಿಲ್ಲಿ ವಿಮರ್ಶೆ ಮಾಡಹೊರಟಿದ್ದು ಅವನನ್ನಲ್ಲ, ಅವನ ಬಾಯಿಗೆ ಯಾರೋ ಇಟ್ಟ ಪಠ್ಯವನ್ನು. ಆ ಪಠ್ಯದ ಮುಖ್ಯ ವಾಕ್ಯ ಒಂದೇ: “ಇಲ್ಲಿ ನಿಂತ್ಕೊಳ್ಳಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ.” ಓಂ ಬೀಚಿನ ಮೇಲಿನ ಗುಡ್ಡದಲ್ಲಿ ಇದನ್ನು ಹೇಳಿದಾಗ ಅದಕ್ಕೆ ಅರ್ಥವೂ ಇತ್ತು. ಎರಡು ಅರ್ಧಚಂದ್ರಗಳು ಸೇರಿ ‘ಓಂ’ ಆಗುವುದು ಮೇಲಿನಿಂದ ನೋಡಿದಾಗ ಮಾತ್ರ. ಕೆಳಗಿಳಿದು ಮರಳಿನಲ್ಲಿ ನಿಂತರೆ ಅದು ಬರೀ ದಂಡೆ. ಎಂದರೆ ಆ ಹೆಸರು ದಂಡೆಯ ಮೇಲೆ ಬದುಕುವವರ ಕಣ್ಣಿನಿಂದ ಹುಟ್ಟಿದ್ದಲ್ಲ, ಗುಡ್ಡ ಹತ್ತಿ ನಿಂತವರ ಕಣ್ಣಿನಿಂದ ಹುಟ್ಟಿದ್ದು.

ಹೀಗೆ ನಿಲ್ಲುವ ಜಾಗವನ್ನು ಗೊತ್ತುಮಾಡುವ ಕಲೆಯಲ್ಲಿ ಜಪಾನಿನವರು ನಮಗಿಂತ ಬಹಳ ಹಳಬರು. 1643ರಲ್ಲಿ ಹಯಾಶಿ ಗಾಹೊ ಎಂಬ ಪಂಡಿತ ಆ ದೇಶದ ಮೂರು ಶ್ರೇಷ್ಠ ನೋಟಗಳು ಎಂದು ಮತ್ಸುಶಿಮಾ, ಅಮಾನೊಹಶಿದಾತೆ, ಇತ್ಸುಕುಶಿಮಾಗಳನ್ನು ಹೆಸರಿಸಿದ. ಮೂರೂ ಕಡಲಂಚಿನವೇ. ಇವತ್ತಿಗೂ ಪ್ರವಾಸದ ಬಸ್ಸುಗಳು ಅದೇ ಮೂರಕ್ಕೆ ಹೋಗುತ್ತವೆ. ಅಮಾನೊಹಶಿದಾತೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಗುಡ್ಡದ ಮೇಲೆ ಕಡಲಿಗೆ ಬೆನ್ನು ಮಾಡಿ ನಿಂತು, ಬಗ್ಗಿ, ಎರಡು ಕಾಲುಗಳ ನಡುವಿನಿಂದ ನೋಡಬೇಕು. ಆಗ ಪೈನ್ ಮರಗಳ ಮರಳುದಿಬ್ಬ ಆಕಾಶಕ್ಕೆ ಹಾಕಿದ ಸೇತುವೆಯಂತೆ ಕಾಣುತ್ತದೆಯಂತೆ. ನಾನು ಜಪಾನಿಗೆ ಹೋದವಳಲ್ಲ, ಓದಿದ್ದು. ಓದಿದಾಗ ಮೊದಲು ತಮಾಷೆ ಅನಿಸಿತ್ತು. ಈಗ ಅದು ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ನೋಟ ಎಂಬುದು ಅಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ, ಮೈಯನ್ನು ಬಗ್ಗಿಸಿ ಮಾಡಿಕೊಳ್ಳಬೇಕಾದದ್ದು ಎಂದು ಅವರಾದರೂ ಒಪ್ಪಿಕೊಂಡಿದ್ದಾರೆ.

ನಮ್ಮ ಪ್ರವಾಸ ಸಾಹಿತ್ಯ ಇದನ್ನು ಒಪ್ಪುವುದು ಕಷ್ಟ. ಪ್ರಬಂಧಕ್ಕಾಗಿ ನಾನು ಓದಿದ ಪ್ರವಾಸಕಥನಗಳಲ್ಲಿ ‘ನಯನಮನೋಹರ’, ‘ರಮಣೀಯ’, ‘ಕಣ್ಮನ ತಣಿಸುವ’ ಎಂಬ ಪದಗಳಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಿ ಒಂದು ಹಂತದಲ್ಲಿ ಕೈಬಿಟ್ಟೆ. ಇವೆಲ್ಲಕ್ಕಿಂತ ಹೆಚ್ಚು ಸಿಗುವುದು ‘ವರ್ಣಿಸಲು ಪದಗಳು ಸಾಲವು’ ಎಂಬ ಸಾಲು. ಪದ ಸಾಲದು ಎನ್ನುವವರು ಪದಕ್ಕಾಗಿ ಹುಡುಕಾಡಿದ ಗುರುತು ಅದರ ಹಿಂದಿನ ಪುಟದಲ್ಲಿ ಇರುವುದಿಲ್ಲ ಎಂಬುದೇ ನನ್ನ ತಕರಾರು. ಜಪಾನಿನ ಕವಿ ಬಾಶೊ 1689ರಲ್ಲಿ ಶಿಷ್ಯ ಸೊರಾನ ಜೊತೆ ಉತ್ತರದ ಒಳನಾಡಿಗೆ ನಡೆದುಹೋದ. ಆ ನಡಿಗೆಯ ಕಥನದಲ್ಲಿ ಮತ್ಸುಶಿಮಾ ಬರುತ್ತದೆ. ದ್ವೀಪಗಳನ್ನು ಒಂದೊಂದಾಗಿ, ಪೈನ್ ಮರಗಳ ಬಾಗನ್ನು ಸಹಿತ ಗದ್ಯದಲ್ಲಿ ಬರೆದ ಮೇಲೆ, ಹಾಯಿಕು ಮಾತ್ರ ಅವನದಿಲ್ಲ. ಅಲ್ಲಿರುವುದು ಸೊರಾನ ಹಾಯಿಕು. ತಾನು ಬರೆಯಲಾರದೆ ಮಲಗಿದೆ, ನಿದ್ದೆ ಬರಲಿಲ್ಲ ಎನ್ನುತ್ತಾನೆ. ಇದೂ ‘ಪದ ಸಾಲದು’ ಎಂಬುದೇ, ಆದರೆ ಸಾಲುವಷ್ಟನ್ನು ಖರ್ಚು ಮಾಡಿದ ಮೇಲೆ ಹೇಳಿದ್ದು. ಸ್ವಾರಸ್ಯವೆಂದರೆ ಸೊರಾ ತನ್ನದೇ ಒಂದು ದಿನಚರಿ ಇಟ್ಟಿದ್ದ. ಅದು ಅಚ್ಚಾಗಿದ್ದು 1943ರಲ್ಲಿ. ಹವಾಮಾನ, ನಡೆದ ದೂರ, ತಂಗಿದ ಮನೆ ಇಂಥ ಒಣ ಟಿಪ್ಪಣಿಗಳ ಆ ಪುಸ್ತಕ ಬಂದ ಮೇಲೆ, ಬಾಶೊ ಎಲ್ಲೆಲ್ಲಿ ದಿನಗಳನ್ನು ಬದಲಿಸಿದ್ದಾನೆ, ಏನನ್ನು ಕಟ್ಟಿದ್ದಾನೆ ಎಂಬುದು ಓದುಗರಿಗೆ ತಿಳಿಯಿತು. ಕವಿಯ ಕಡಲಿಗೆ ಪಕ್ಕದಲ್ಲಿ ನಡೆದವನ ಕಡಲೊಂದು ಸಾಕ್ಷಿಯಾಗಿ ಸಿಕ್ಕಿತು.

ಮತ್ತೆ ನಮ್ಮ ದಾರಿಗೆ ಬರುತ್ತೇನೆ. ಕುಮಟಾದ ಕಡೆ ಕಡ್ಲೆ, ಬಾಡ, ಅಘನಾಶಿನಿ. ಹೊಳೆ ದಾಟಿದರೆ ತದಡಿ, ಬೆಲೆಕಾನ್, ಆಮೇಲೆ ಗೋಕರ್ಣದ ದಂಡೆಗಳು. ಆದರೆ ಗೈಡಿನ ಬಾಯಲ್ಲಿ ಇವು ನಿರ್ವಾಣ, ಪ್ಯಾರಡೈಸ್, ಹಾಫ್ ಮೂನ್, ಓಂ. ಕುಡ್ಲೆ ಒಂದು ಹೇಗೋ ಉಳಿದುಕೊಂಡಿದೆ. ಹೊರಗಿನವರು ಇಟ್ಟ ಹೆಸರು ಎಂಬ ಕಾರಣಕ್ಕೆ ನಾನಿವನ್ನು ತಳ್ಳಿಹಾಕುವುದಿಲ್ಲ. ಜಪಾನಿನ ಈಶಾನ್ಯದ ಸನ್ರಿಕು ಕರಾವಳಿಯಲ್ಲಿ, ಮಿಯಾಕೊ ಊರಿನ ಬಳಿ, ಬಿಳಿ ಚೂಪು ಬಂಡೆಗಳ ‘ಜೋದೊಗಹಾಮಾ’ ಇದೆ. ಸುಖಾವತಿಯ ದಂಡೆ ಎಂದರ್ಥ. ಹದಿನೇಳನೆಯ ಶತಮಾನದಲ್ಲಿ ಒಬ್ಬ ಬೌದ್ಧ ಭಿಕ್ಷು ಇಟ್ಟ ಹೆಸರು ಎನ್ನುತ್ತಾರೆ. ಅದೂ ಒಂದು ಪ್ಯಾರಡೈಸೇ. ಹೆಸರಿನಲ್ಲಿ ದೋಷವಿಲ್ಲ. ಹೆಸರಿನ ಹಿಂದೆ ಊರು ಮಾಯವಾಗುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆ.

ನಮ್ಮ ಪ್ರವಾಸದಲ್ಲಿ ಅದು ಮಾಯವಾದ ಜಾಗವನ್ನು ಬೆರಳಿಟ್ಟು ತೋರಿಸಬಲ್ಲೆ: ಅಘನಾಶಿನಿಯ ಅಳಿವೆ. ದೋಣಿಯಲ್ಲಿ ಈ ದಡದಿಂದ ತದಡಿಗೆ ದಾಟುವ ಆ ಕೆಲವು ನಿಮಿಷ ಗೈಡು ಮೊದಲ ಬಾರಿಗೆ ಸುಮ್ಮನಿದ್ದ. ಅಲ್ಲಿ ‘ವ್ಯೂ’ ಇಲ್ಲವಲ್ಲ. ಕೆಸರು ಬಣ್ಣದ ನೀರು, ದೂರದಲ್ಲಿ ಕಾಂಡ್ಲಾ ಪೊದೆ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಚಿಪ್ಪಿಕಲ್ಲು ತೆಗೆಯುತ್ತಿದ್ದ ಹೆಂಗಸರು. ಎಲ್ಲರೂ ಮೊಬೈಲ್ ಒಳಗಿಟ್ಟು ಬಿಸ್ಕತ್ತು ತಿಂದರು. ಇಡೀ ದಾರಿಯಲ್ಲಿ ಹೇಳಲು ಅತಿ ಹೆಚ್ಚು ಇದ್ದ ಜಾಗ ಅದೇ ಆಗಿತ್ತು. ಅಘನಾಶಿನಿ ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಗದೆ ಕಡಲು ಸೇರುವ ಹೊಳೆ. ಅದರ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಸಲ ಸೇರಿದ ಕರ್ನಾಟಕದ ಇನ್ನೆರಡು ಜಾಗಗಳಲ್ಲಿ ಒಂದು ನಮ್ಮ ತುಂಗಭದ್ರೆಯ ಕಡೆಯ ಅಂಕಸಮುದ್ರ. ಕೆರೆಗೆ ಸಮುದ್ರ ಎಂದು ಹೆಸರಿಟ್ಟವರು ನಾವು, ಅದನ್ನೂ ಇಲ್ಲೇ ನೆನೆದುಬಿಡಬಹುದು.

ಪ್ರವಾಸ ಮುಗಿದ ಮರುದಿನ ನಾನೊಬ್ಬಳೇ ಬಸ್ಸು ಹಿಡಿದು ಅಳಿವೆಯ ಒಳಭಾಗದ ಮಾಣಿಕಟ್ಟಾಕ್ಕೆ ಹೋದೆ. ಅಲ್ಲಿಯ ಗಜನಿ ಗದ್ದೆಗಳನ್ನು ನೋಡುವ ಆಸೆ ಇತ್ತು. ಗಜನಿ ಎಂದರೆ ಉಬ್ಬರದ ಉಪ್ಪುನೀರು ಬಂದುಹೋಗುವ ತಗ್ಗು ನೆಲ. ಒಡ್ಡು ಕಟ್ಟಿ, ಜಂತ್ರಡಿ ಬಾಗಿಲುಗಳಿಂದ ನೀರನ್ನು ಒಳಬಿಟ್ಟು ಹೊರಬಿಟ್ಟು ಅಲ್ಲಿ ‘ಕಗ್ಗ’ ಎಂಬ ಭತ್ತ ಬೆಳೆಯುತ್ತಾರೆ. ಮುಂಗಾರಿನ ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ನೆರೆ ಬಂದು ಪೈರು ಕೆಲವು ದಿನ ಮುಳುಗಿದರೂ ತಾಳಿಕೊಳ್ಳುತ್ತದೆ, ನೀರು ಉಪ್ಪಾದರೂ ತಾಳಿಕೊಳ್ಳುತ್ತದೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಸೀಗಡಿ, ಮೀನು. ನಾನು ಹೋದಾಗ ಕೊಯ್ಲು ಮುಗಿದು ನೀರು ನಿಂತಿತ್ತು, ಕೊಕ್ಕರೆಗಳಿದ್ದವು. ಸೀಗಡಿ ಕೃಷಿಯ ಲಾಭದ ಮುಂದೆ, ಒಡ್ಡಿನ ರಿಪೇರಿಯ ಖರ್ಚಿನ ಮುಂದೆ ಕಗ್ಗ ಬೆಳೆಯುವವರು ತೀರಾ ಕಡಿಮೆಯಾಗಿದ್ದಾರೆ.

ಆ ಗದ್ದೆಯ ಅಂಚಿನಲ್ಲಿ ನಿಂತಾಗ ಆದದ್ದನ್ನು ಪೋತ್ನಾಳದವಳಾಗಿ ಅಲ್ಲದೆ ಬೇರೆ ರೀತಿ ಹೇಳಲಾರೆ. ನಮ್ಮಲ್ಲಿ ‘ಸವುಳು’ ಎಂಬ ಪದವಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಮಾನ್ವಿಯ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರು ಹೆಚ್ಚಾಗಿ ನಿಂತು ಉಪ್ಪು ಮೇಲೆದ್ದು ಎಷ್ಟೋ ನೆಲ ಸವುಳಾಯಿತು. ನಮ್ಮಲ್ಲಿ ಒಬ್ಬರ ಹೊಲ ಸವುಳಾಯಿತು ಎಂದರೆ ಆ ಮನೆಯ ಹೆಣ್ಣುಮಗಳ ಮದುವೆ ಮುಂದೆ ಹೋಯಿತು, ಗಂಡುಮಗ ದುಡಿಯಲು ಹೊರಗೆ ಹೋದ ಎಂದು ಅರ್ಥ. ಉಪ್ಪು ನಮಗೆ ಮುಗಿದುಹೋದುದರ ಹೆಸರು. ಇಲ್ಲಿಯೋ ಉಪ್ಪಿನೊಳಗೇ ಬೆಳೆಯುವ ಭತ್ತ. ರಾಯಚೂರಿನ ಒಬ್ಬಳನ್ನು ಕಡಲಂಚಿಗೆ ಕರೆದುಕೊಂಡು ಬಂದು ತೋರಿಸಲೇಬೇಕಾದದ್ದು ಏನಾದರೂ ಇದ್ದರೆ ಅದು ಇದು. ಪಟ್ಟಿಯ ಹದಿನೆಂಟರಲ್ಲಿ ಅದಕ್ಕೆ ಜಾಗವಿರಲಿಲ್ಲ.

ಒಂದು ದಿನದ ಪ್ರವಾಸದಲ್ಲಿ ಇಷ್ಟೆಲ್ಲ ಎಲ್ಲಿ ಹೇಳಲು ಸಾಧ್ಯ, ಜನ ರಜೆ ಕಳೆಯಲು ಬಂದಿರುತ್ತಾರೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ಉತ್ತರವಾಗಿ ಮತ್ತೆ ಸನ್ರಿಕುವಿಗೇ ಹೋಗಬೇಕು. ಅದು ಕಡಿದಾದ ಬಂಡೆಗಳ, ಒಳಚಾಚಿದ ಕೊಲ್ಲಿಗಳ ಕರಾವಳಿ. ನೋಡಲು ಅದ್ಭುತ, ಆದರೆ ಆ ಕಿರಿದಾದ ಕೊಲ್ಲಿಗಳೇ ಸುನಾಮಿಯ ನೀರನ್ನು ಎತ್ತರಕ್ಕೆ ಏರಿಸುತ್ತವೆ. 1896ರಲ್ಲಿ, 1933ರಲ್ಲಿ, ಮತ್ತೆ 2011ರ ಮಾರ್ಚ್ 11ರಂದು ಅಲ್ಲಿ ಕಡಲು ಊರೊಳಗೆ ಬಂತು. ಈಶಾನ್ಯ ಜಪಾನಿನಲ್ಲಿ ಆ ಕೊನೆಯ ಸಲ ಸತ್ತವರು, ಕಾಣೆಯಾದವರು ಸೇರಿ 18,000ಕ್ಕೂ ಹೆಚ್ಚು. ಮಿಯಾಕೊಗೇ ಸೇರಿದ ತಾರೊ ಎಂಬಲ್ಲಿ 10 ಮೀಟರ್ ಎತ್ತರದ ಕಡಲಗೋಡೆ ಇತ್ತು. ನೀರು ಅದನ್ನೂ ದಾಟಿತು. ಅಲ್ಲಿನ ಆರು ಮಹಡಿಯ ಹೋಟೆಲೊಂದರ ಕೆಳಗಿನ ಎರಡು ಮಹಡಿಗಳು ಕಬ್ಬಿಣದ ಕಂಬಗಳಷ್ಟೇ ಆಗಿ ಉಳಿದಿವೆ. ಅದನ್ನು ಹಾಗೆಯೇ ಕಾಪಾಡಿದ್ದಾರೆ. ಬೆಳಿಗ್ಗೆ ಜೋದೊಗಹಾಮಾದ ಬಿಳಿ ಬಂಡೆಗಳನ್ನು ನೋಡಿದ ಪ್ರವಾಸಿಗಳನ್ನು ಊರಿನ ಗೈಡುಗಳು ಅದೇ ದಿನ ಈ ಕಟ್ಟಡಕ್ಕೂ ಕರೆತಂದು, ಆರನೆಯ ಮಹಡಿಯಿಂದ ಆ ದಿನ ತೆಗೆದ ವಿಡಿಯೋವನ್ನು ಅದೇ ಕೋಣೆಯಲ್ಲಿ ಕೂರಿಸಿ ತೋರಿಸುತ್ತಾರೆ. ನಡೆದದ್ದನ್ನು ಹೇಳುವ ಇಂಥವರಿಗೆ ಅಲ್ಲಿ ‘ಕತಾರಿಬೆ’ ಎನ್ನುತ್ತಾರೆ. ನಮ್ಮ ಕಿವಿಗೆ ‘ಕತೆ’ ಕೇಳಿಸುವುದು ಬರೀ ಆಕಸ್ಮಿಕ, ಆದರೂ ಹಿತವಾದ ಆಕಸ್ಮಿಕ.

ಅದೂ ಪ್ರವಾಸವೇ, ಅದಕ್ಕೂ ದುಡ್ಡು ಕೊಡಬೇಕು, ಅಲ್ಲೂ ಜನ ಫೋಟೋ ತೆಗೆದುಕೊಳ್ಳುತ್ತಾರೆ. ವ್ಯತ್ಯಾಸ ಇರುವುದು ಗೈಡಿನ ವಾಕ್ಯದಲ್ಲಿ. ಮಿಯಾಕೊದ ಅನೆಯೊಶಿ ಎಂಬ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ ನಿಲ್ಲಿಸಿದ ಒಂದು ಕಲ್ಲಿದೆ. ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂದು ಅದು ಹೇಳುತ್ತದೆ. 2011ರಲ್ಲಿ ನೀರು ಆ ಕಲ್ಲಿಗೆ ಸ್ವಲ್ಪ ಕೆಳಗೆ ನಿಂತಿತು, ಹಳ್ಳಿಯ ಮನೆಗಳು ಉಳಿದವು. ‘ಇಲ್ಲಿ ನಿಂತು ನೋಡಿ’ ಎನ್ನುವುದಕ್ಕೂ ‘ಇಲ್ಲಿ ನಿಲ್ಲಬೇಡಿ’ ಎನ್ನುವುದಕ್ಕೂ ನಡುವೆ ಎರಡು ಬಗೆಯ ಕಡಲುಗಳಿವೆ. ಎರಡನೆಯದನ್ನು ಹೇಳಬಲ್ಲವನು ಅಲ್ಲಿ ಬದುಕಿದವನೇ ಆಗಿರಬೇಕಾಗುತ್ತದೆ. ನಮ್ಮ ಪ್ರವಾಸದ ಹುಡುಗ ಹಿಂದಿನ ರಾತ್ರಿ ನಮ್ಮೊಂದಿಗೇ ಬೆಂಗಳೂರಿನ ಬಸ್ಸಿನಲ್ಲಿ ಬಂದವನು. ಕುಮಟಾದಲ್ಲಿ, ತದಡಿಯಲ್ಲಿ, ಗೋಕರ್ಣದಲ್ಲಿ ಅಂಬಿಗರೋ ಹರಿಕಂತ್ರರೋ ಹಾಲಕ್ಕಿಗಳೋ ಆದ ಒಬ್ಬ ಹುಡುಗನಿಗೆ, ಹುಡುಗಿಗೆ ಆ ದಿನದ ಕೂಲಿ ಕೊಟ್ಟು ಕರೆದಿದ್ದರೆ ಆ ದೋಣಿಯ ಮೇಲಿನ ಮೌನವೇ ಇರುತ್ತಿರಲಿಲ್ಲ. ಜೂನ್ ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ ಎರಡು ತಿಂಗಳು ಮನೆ ಹೇಗೆ ನಡೆಯುತ್ತದೆ, ಯಾವ ಬಂಡೆಯ ಸಂದಿಯಲ್ಲಿ ಸೆಳೆತ ಜಾಸ್ತಿ ಎಂಬುದನ್ನು ಅವರು ಹೇಳುತ್ತಿದ್ದರು. ಅಂಥವರಿಗೆ ಸ್ಕ್ರಿಪ್ಟು ಬೇಕಾಗುವುದಿಲ್ಲ.

ಕನ್ನಡದ ಕತೆ ಕಾದಂಬರಿಗಳಿಗೆ ಈ ಎರಡನೆಯ ಕಡಲು ಚೆನ್ನಾಗಿ ಗೊತ್ತು, ಪ್ರವಾಸಕಥನಗಳಿಗಿಂತ ಎಷ್ಟೋ ಚೆನ್ನಾಗಿ. ಕಾರಂತರ ‘ಮರಳಿ ಮಣ್ಣಿಗೆ’ಯ ಕೋಡಿಯಲ್ಲಿ ಕಡಲು ಹಿತ್ತಿಲಾಚೆಯ ನೆರೆಯವನ ಹಾಗೆ. ಪಾರೋತಿ, ಸರಸೋತಿಯರಿಗೆ ಅದನ್ನು ನೋಡುತ್ತ ನಿಲ್ಲುವ ಪುರುಸೊತ್ತು ಇಲ್ಲ. ಅದರ ಸದ್ದಿನಲ್ಲಿ ಸಂಗೀತ ಕೇಳಿಸಲು ಮೂರನೆಯ ತಲೆಮಾರು, ಪಿಟೀಲು ಹಿಡಿದ ರಾಮ ಬರಬೇಕು. ನೋಡುವ ಬಿಡುವು ಎಂಬುದು ಒಂದು ಮನೆಗೆ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಬೇರೆಲ್ಲೂ ಓದಿಲ್ಲ. ನಾವು ನಡೆದ ದಾರಿಗೆ ಕೂಗಳತೆ ಎನ್ನಬಹುದಾದ ಹನೇಹಳ್ಳಿಯನ್ನು ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ಮತ್ತೆ ಮತ್ತೆ ಬರೆದರು. ಒಳನಾಡಿನ ಸವಣೂರಿನವರಾದ ಗೋಕಾಕರು ಹಡಗಿನ ಮೇಲಿಂದ ಕಂಡ ಕಡಲನ್ನು ‘ಸಮುದ್ರ ಗೀತೆಗಳು’ ಮಾಡಿದರು. ಹೊರಗಿನವರು ಕಡಲನ್ನು ಬರೆಯಬಾರದು ಎಂಬ ವಾದ ನನ್ನದಲ್ಲ ಎಂಬುದಕ್ಕೆ ಅವರನ್ನು ನೆನೆದೆ. ಹಾಗಿದ್ದರೆ ನಾನೂ ಬರೆಯುವಂತಿಲ್ಲ. ಗೈಡುಗಳು ಈ ಲೇಖಕರ ಮನೆ ತೋರಿಸಬೇಕು ಎಂದೂ ಹೇಳುತ್ತಿಲ್ಲ. ಪಟ್ಟಿಗೆ ಹತ್ತೊಂಬತ್ತನೆಯದು ಸೇರುತ್ತದೆ, ಅಷ್ಟೇ.

ಸಂಜೆ ಕುಡ್ಲೆಯ ಮೇಲಿನ ಗುಡ್ಡದಲ್ಲಿ ಎಲ್ಲರೂ ಸೂರ್ಯಾಸ್ತಕ್ಕೆ ಸಾಲಾಗಿ ಕೂತರು. ಹಿಂದೆ ಯಾವುದೋ ಕಟ್ಟಡ ಏಳುತ್ತಿತ್ತು. ಕೆಂಪು ಚಿರೇಕಲ್ಲಿನ ರಾಶಿ, ಸೆಂಟ್ರಿಂಗ್ ಹಲಗೆ, ನಾಲ್ಕೈದು ಜನ. ಅವರ ಮಾತು ಕಿವಿಗೆ ಬಿದ್ದು ತಿರುಗಿದೆ. ಸರಳು ಕಟ್ಟುತ್ತಿದ್ದ ಹಿರಿಯರೊಬ್ಬರು ನನ್ನ ಮಾತಿನ ಧಾಟಿ ಕೇಳಿದವರೇ,

“ಯಾವೂರವ್ವಾ ನಿಂದು?” ಅಂದರು.

“ಪೋತ್ನಾಳ ರೀ ಕಾಕಾ.”

“ಅಯ್ಯ, ನಮ್ದು ದೇವದುರ್ಗದ ಕಡೆ. ಇಲ್ಲಿ ಎದ್ರ ಕೆಲ್ಸಕ್ಕ ಬಂದೀಯವ್ವಾ?”

“ಕೆಲ್ಸಕ್ಕಲ್ಲ. ಸಮುದ್ರ ನೋಡಾಕ.”

ಅವರು ಒಂದು ಸಲ ಕಡಲಿನ ಕಡೆ ನೋಡಿದರು. “ನೋಡಾಕೇನೋ ಚಂದ ಐತಿ. ಆದ್ರ ಇದ್ರ ಗಾಳಿಗೆ ಕಬ್ಣ ನಿಲ್ಲಂಗಿಲ್ಲ ನೋಡವ್ವಾ. ಇವತ್ತ ಕಟ್ಟಿದ್ ಸರಳು, ಕಾಂಕ್ರೀಟ್ ಹಾಕೂದು ತಡಾ ಆತಂದ್ರ ತುಕ್ಕು ತಿಂದಿರ್ತೈತಿ.”

ಇಡೀ ದಿನದಲ್ಲಿ ಕಡಲಿನ ಬಗ್ಗೆ ನಾನು ಕೇಳಿದ ಮೊದಲ ಮಾಹಿತಿ ಅದು ಎನಿಸಿತು. ಅಷ್ಟರಲ್ಲಿ ಗೈಡು ಕೂಗಿದ. ಸೂರ್ಯ ನೀರಿಗೆ ಮುಟ್ಟುತ್ತಿದ್ದ, ಗುಂಪಿನ ಫೋಟೋಗೆ ಎಲ್ಲರೂ ಬೇಕಿತ್ತು. ಫೋಟೋದಲ್ಲಿ ನಮ್ಮ ಬೆನ್ನಿಗೆ ಕಡಲಿದೆ. ಫೋಟೋ ತೆಗೆದವನ ಬೆನ್ನಿಗೆ ಆ ಕಟ್ಟಡವಿತ್ತು.

ಪ್ರಬಂಧದ ಮಾರ್ಗದರ್ಶಕರಿಗೆ ಈ ಪ್ರವಾಸದ ಬಗ್ಗೆ ಒಂದು ಅಧ್ಯಾಯ ಮಾಡಬಹುದೇ ಎಂದು ಕೇಳಿದ್ದೇನೆ. ಗೈಡಿನ ಮಾತು ‘ಪಠ್ಯ’ ಹೇಗಾಗುತ್ತದೆ, ಆಕರ ಎಲ್ಲಿ ಎಂದು ಅವರ ಮರುಪ್ರಶ್ನೆ. ಸದ್ಯಕ್ಕೆ ಆಕರವಾಗಿ ಇರುವುದು ಆ ವಾಟ್ಸಾಪ್ ಪಟ್ಟಿ, ಮತ್ತು ಸೊರಾನ ದಿನಚರಿಯ ಗುಂಗಿನಲ್ಲಿ ನಾನು ಬರೆದುಕೊಂಡ ಒಂದು ಪುಟ. ಅದರಲ್ಲಿ ಇಷ್ಟಿದೆ: ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ. ಬಾಡದ ದಂಡೆಯಲ್ಲಿ ಬಲೆ ಹೊಲಿಯುವವರು ಮೂವರು. ದೋಣಿ ದಾಟುವಾಗ ಇಳಿತ, ಚಿಪ್ಪಿಕಲ್ಲಿನ ಹೆಂಗಸರು ಹನ್ನೊಂದು. ಬೆಲೆಕಾನಿನಲ್ಲಿ ಗಂಜಿ ಊಟ, ಸೌತೆಕಾಯಿ ಹುಳಿ. ಗುಡ್ಡದ ಇಳಿಜಾರಿನಲ್ಲಿ ಮುರಕಲ್ಲು ಕಾಲ ಕೆಳಗೆ ಪುಡಿಯಾಗುತ್ತದೆ, ಹಿಡಿಯಲು ಬೇರುಗಳಿವೆ. ಕುಡ್ಲೆಯಲ್ಲಿ ದೇವದುರ್ಗದವರು ಐವರು, ಹೋಳಿ ಹುಣ್ಣಿಮೆಗೆ ಊರಿಗೆ ಹೋಗುತ್ತಾರೆ.